ಮಲ್ಕಾ ವಾಪಸ್ ಹಾಕಿದ ಉಪ್ಪು

ಮಲ್ಕಾ ಒಳ್ಳೆಯ ಹೆಂಗಸು ಎಂದು ನಾನು ಎಲ್ಲೂ ಹೇಳುವುದಿಲ್ಲ. ಹೇಳಿದರೆ ನಮ್ಮ ರಸ್ತೆಯವರೇ ನಗುತ್ತಾರೆ. ಬಾಯಿ ತೆಗೆದರೆ ಬೈಗುಳ, ಮುಚ್ಚಿದರೆ ಮುಖ ಗಂಟು. ಹಾಲಿನವನ ಜೊತೆ ಜಗಳ, ಗ್ಯಾಸ್ ತರುವವನ ಜೊತೆ ಜಗಳ, ಕಸದ ಗಾಡಿಯ ಮರಿಯಮ್ಮನ ಜೊತೆಯಂತೂ ದಿನ ಬೆಳಗಾದರೆ ಜಗಳ. ನನ್ನ ಜೊತೆಗಿನದು ಎಲ್ಲಕ್ಕಿಂತ ಹಳೆಯದು, ಗಂಜಿ ನೀರಿನದು.

ಯಲಹಂಕದಿಂದ ಪುಟ್ಟೇನಹಳ್ಳಿ ಕೆರೆಯ ಕಡೆ ಹೋಗುವ ರಸ್ತೆಯಲ್ಲಿ ದೊಡ್ಡಮುನಿಯಪ್ಪನವರ ಬಿಲ್ಡಿಂಗ್ ಇದೆ. ಕೆಳಗೆ ಸಾಲಾಗಿ ಅಂಗಡಿಗಳು. ಅದರಲ್ಲೊಂದು ನನ್ನದು, ಗಂಗಾದೇವಿ ಲೇಡೀಸ್ ಟೈಲರ್. ಅಂಗಡಿಯ ಹಿಂದಿನ ಕೋಣೆಯೇ ನನ್ನ ಮನೆ. ಮಗಳ ಮದುವೆಯಾದ ಮೇಲೆ ಅಲ್ಲಿ ನಾನೊಬ್ಬಳೇ. ಬಿಲ್ಡಿಂಗಿನ ಹಿಂದಿನ ಓಣಿಯಲ್ಲಿ ಮಲ್ಕಾಳ ಅಣ್ಣ ನೂರುಲ್ಲಾನ ಮನೆ. ಮದುವೆ ದಾವತ್ತಿನ ಬಿರಿಯಾನಿಗೆ ಅಕ್ಕಿ ಬೇಯಿಸಿ ಬಸಿದ ಗಂಜಿಯನ್ನೆಲ್ಲ ಮಲ್ಕಾ ಹೊತ್ತು ತಂದು ಸುರಿಯುತ್ತಿದ್ದದ್ದು ನನ್ನ ಅಂಗಡಿಯ ಮುಂದಿನ ಚರಂಡಿಗೆ. ಬ್ಲೌಸ್ ಅಳತೆ ಕೊಡಲು ಬಂದವರು ಸೀರೆ ಎತ್ತಿಕೊಂಡು, ಮೂಗು ಮುಚ್ಚಿಕೊಂಡು ದಾಟಬೇಕು.

"ಏನಮ್ಮಾ, ನಿಂಗೆ ಬೇರೆ ಜಾಗ ಸಿಗ್ಲಿಲ್ವಾ?" ಎಂದು ಒಂದು ದಿನ ಕೇಳಿದೆ.

"ಚರಂಡಿ ನಿಮ್ಮಪ್ಪ ತೋಡ್ಸಿದ್ದಾ?" ಎಂದಳು.

ಅಲ್ಲಿಗೆ ನಮ್ಮ ಮಾತು ನಿಂತಿತು. ಬೈಯುವುದಕ್ಕೆ ಮಾತ್ರ ಬಾಯಿ ಬಿಡುತ್ತಿದ್ದೆವು.

ಆದರೆ ಅಡುಗೆ ವಿಷಯದಲ್ಲಿ ಸುಳ್ಳು ಹೇಳಿದರೆ ನನ್ನ ನಾಲಿಗೆ ಹುಳ ಬಿದ್ದು ಹೋಗಲಿ. ಅವಳ ಅಪ್ಪ ಮದುವೆ ಮನೆಗಳಿಗೆ ಬಿರಿಯಾನಿ ಮಾಡುತ್ತಿದ್ದವರು. ಮಗನಿಗೆ ಕಲಿಸಲು ನೋಡಿದರು. ನೂರುಲ್ಲಾ ಒಲೆ ಮುಂದೆ ಕೂತರೆ ನಿದ್ದೆ ಹೋಗುವವನು. ವಿದ್ಯೆ ಮಗಳಿಗೆ ಹತ್ತಿತು. ಆದರೆ ಮದುವೆ ಹಾಲ್‌ನಲ್ಲಿ ಹಂಡೆಯ ಪಕ್ಕ ಹೆಂಗಸು ನಿಲ್ಲುವಂತಿಲ್ಲ, ಅದು ಗಂಡಸರ ಜಾಗ. ಹಾಗಾಗಿ ಅಪ್ಪ ಸತ್ತ ಮೇಲೆ ಮಸಾಲೆ ಹುರಿಯುವವಳು, ಅಕ್ಕಿ ಬಸಿಯುವವಳು, ಹಿತ್ತಲಲ್ಲಿ ದಮ್ ಕಟ್ಟುವವಳು ಮಲ್ಕಾ. ಹಾಲ್‌ನಲ್ಲಿ ಬಿಳಿ ಟೋಪಿ ಹಾಕಿಕೊಂಡು ಮುಚ್ಚಳ ತೆಗೆದು ಶಹಬ್ಬಾಸ್ ಎನ್ನಿಸಿಕೊಳ್ಳುವವನು ಅಣ್ಣ. ಮನೆ ಮುಂದಿನ ಬೋರ್ಡ್ ಕೂಡ "ನೂರುಲ್ಲಾ ಬಿರಿಯಾನಿ". ಗಂಡ ಇನ್ನೊಬ್ಬಳ ಹಿಂದೆ ಕೋಲಾರಕ್ಕೆ ಹೋದ ಮೇಲೆ ಮಲ್ಕಾಗೆ ಉಳಿದದ್ದು ಆ ಮನೆಯ ಹಿಂದುಗಡೆಯ ಒಂದು ಕೋಣೆ, ಒಂದು ಟ್ರಂಕು.

ಅಪ್ಪನಿಂದ ಅವಳಿಗೆ ಬಂದ ಒಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಡಬ್ಬಿಯಿಂದ ಉಪ್ಪು ತೆಗೆದರೆ ಅದರಲ್ಲಿ ಒಂದು ಚಿಟಿಕೆ ಅದೇ ಡಬ್ಬಿಗೆ ವಾಪಸ್ ಹಾಕಬೇಕು. ಪೂರ್ತಿ ಬಳಿದುಕೊಂಡರೆ ಆ ಮನೆಯ ಬರಕತ್, ಅಂದರೆ ಏಳಿಗೆ, ಹೋಗುತ್ತದಂತೆ. ಯಾರದೋ ಮನೆಯಲ್ಲಿ ಕೂಲಿಗೆ ಅಡುಗೆ ಮಾಡುವಾಗ ಹಾಕಬೇಕಾಗಿಲ್ಲ, ತನ್ನ ಅನ್ನ ಎಲ್ಲಿಂದ ಬರುತ್ತದೋ ಅಲ್ಲಿ ಮಾತ್ರ. ಅವಳ ಕೈ ಇದನ್ನು ಅವಳನ್ನು ಕೇಳದೆಯೇ ಮಾಡುತ್ತದೆ, ನನ್ನ ಕೈ ದಾರವನ್ನು ಎಂಜಲು ಮಾಡಿ ಸೂಜಿಗೆ ಪೋಣಿಸುವ ಹಾಗೆ.

ಇನ್ನು ಶರತ್. ದೊಡ್ಡಮುನಿಯಪ್ಪನವರ ಒಬ್ಬನೇ ಮಗ. ನೋಡಲು ಲಕ್ಷಣವಾಗಿದ್ದಾನೆ, ಮಾತು ಬೆಣ್ಣೆ. ಬೆಣ್ಣೆಯಲ್ಲಿ ಕೂದಲು ತೆಗೆಯುವುದು ಅಂದರೆ ಏನು ಎಂದು ಅವನನ್ನು ನೋಡಿ ತಿಳಿಯಬೇಕು. ಅಪ್ಪನ ಜಮೀನು ಅಪಾರ್ಟ್‌ಮೆಂಟ್ ಆದ ಮೇಲೆ ಅವನು ಬಾರ್ ಇಟ್ಟ, ಜಿಮ್ ಇಟ್ಟ, ಎರಡೂ ಮುಚ್ಚಿದ. ಆಮೇಲೆ ನನ್ನ ಪಕ್ಕದ ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿ ಫಾರಿನ್ ಹೋಟೆಲ್‌ಗಳಿಗೆ ಜನ ಕಳಿಸುವ ಆಫೀಸು ತೆರೆದ. ಕುಕ್, ವೇಟರ್, ಪಾತ್ರೆ ತೊಳೆಯುವವರು, ಯಾರು ಬೇಕಾದರೂ. ದೊಡ್ಡಮುನಿಯಪ್ಪನವರು ನನ್ನ ಅಂಗಡಿ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು: "ನಮ್ಮಪ್ಪ ರಾಗಿ ಬೆಳ್ದ ಕಣವ್ವ, ನಾನು ಬಿಲ್ಡಿಂಗ್ ಬೆಳ್ದೆ, ಇವ್ನು ಜನಾನೇ ಬೆಳ್ದು ಮಾರ್ತಾವ್ನೆ. ಇಂಗೂ ಉಂಟಾ?"

ಉಂಟು. ಅವನ ದೊಡ್ಡ ಗಿರಾಕಿ ಅಶ್ವತ್ಥ್ ಎಂಬಾತ. ಮೂಲತಃ ಮಾಕಳಿ ಕಡೆಯವನು, ಈಗ ಹಿಮ ಬೀಳುವ ಯಾವುದೋ ದೇಶದಲ್ಲಿ ಹೋಟೆಲ್ ಇಟ್ಟಿದ್ದಾನೆ. ಆ ಊರಿನ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ. ಅವನಿಗೆ ಬಿರಿಯಾನಿ ಮಾಡುವವರು ಬೇಕು. ಇಲ್ಲಿಂದ ಅಡುಗೆಯ ವಿಡಿಯೋ ಕಳಿಸಬೇಕು, ಅವನು ನೋಡಿ ಒಪ್ಪಬೇಕು, ಒಪ್ಪಿದರೆ ಆ ಮನುಷ್ಯನ ಹೆಸರಿಗೆ ಅಲ್ಲಿ ಕೆಲಸದ ಪರ್ಮಿಟ್ ಮಾಡಿಸುತ್ತಾನೆ. ಪರ್ಮಿಟ್ ಯಾರ ಹೆಸರಿಗೋ ಅವರೇ ಹೋಗಬೇಕು, ಅದೇ ಹೋಟೆಲಿನಲ್ಲಿ ಅದೇ ಕೆಲಸ ಮಾಡಬೇಕು. ಶರತ್ ಬಳಿ ಕಾಸು ಕಟ್ಟಲು ಹುಡುಗರೇನೋ ಇದ್ದರು. ಬಿರಿಯಾನಿ ತಿನ್ನಲು ಬರುತ್ತಿತ್ತು, ಮಾಡಲು ಬರುತ್ತಿರಲಿಲ್ಲ.

ಆಗ ಏರ್ ಶೋ ಬಂತು. ಏರ್ ಶೋ ಬಂದರೆ ನಮ್ಮ ಸುತ್ತಮುತ್ತ ಮಾಂಸದ ಅಂಗಡಿ ಮುಚ್ಚಿಸುತ್ತಾರೆ. ಹದ್ದುಗಳು ಬಂದು ವಿಮಾನಕ್ಕೆ ಬಡಿಯಬಾರದೆಂದು. ಊರಿನವರೆಲ್ಲ ತಾರಸಿ ಹತ್ತಿ ವಿಮಾನ ನೋಡುವಾಗ ಮಲ್ಕಾ ಕೆಲಸವಿಲ್ಲದೆ ಹಿತ್ತಲಲ್ಲಿ ಕೂತು ವಿಮಾನಕ್ಕೂ ಬೈಯುತ್ತಿದ್ದಳು. ಶರತ್ ಹೊರಗಿನಿಂದ ಕೋಳಿ ತರಿಸಿಕೊಂಡು ಅವಳ ಮುಂದೆ ಹೋಗಿ ನಿಂತ.

"ಮಲ್ಕಕ್ಕಾ, ನಿಮ್ಮ ಕೈ ಒಂಚೂರು ಬೇಕು. ಮುಖ ತೋರ್ಸಲ್ಲ. ಕೈ ಮಾತ್ರ."

ಅವನ ಏರ್ಪಾಡು ಹೀಗಿತ್ತು. ಆಫೀಸಿನ ಹಿಂಭಾಗದಲ್ಲಿ ಒಲೆ, ಹೊಸ ಪಾತ್ರೆ, ಬಿಳಿ ಟೈಲ್ಸ್. ಮೊದಲು ಹುಡುಗ ಕ್ಯಾಮೆರಾ ಮುಂದೆ ನಿಂತು ತನ್ನ ಹೆಸರು ಹೇಳುತ್ತಾನೆ. ಕ್ಯಾಮೆರಾ ಕೆಳಗೆ ಇಳಿಯುತ್ತದೆ. ಆಮೇಲೆ ಕಾಣುವುದು ಬಿಳಿ ಕೋಟಿನ ತೋಳು, ಎರಡು ಕೈ, ಪಾತ್ರೆ. ಆ ಕೈ ಮಲ್ಕಾಳದು. ಕೊನೆಗೆ ಹುಡುಗ ತಟ್ಟೆ ಹಿಡಿದು ನಗುತ್ತಾನೆ. ಕೋಟು ಹೊಲಿದದ್ದು ನಾನೇ. ಗಂಡಸರ ಕೋಟು ಎಂದು ಹೇಳಿ ಶರತ್ ಅಳತೆ ಮಾತ್ರ ಮಲ್ಕಾಳದು ಕೊಟ್ಟಾಗಲೇ ಇದರಲ್ಲಿ ಏನೋ ಇದೆ ಅನ್ನಿಸಿತ್ತು. ನನ್ನ ಹಿತ್ತಲ ಬಾಗಿಲಿಗೂ ಅವನ ಒಲೆಯ ಕಿಟಕಿಗೂ ನಡುವೆ ಒಂದು ಮೋರಿ ಅಷ್ಟೆ. ಎಲ್ಲ ಕಾಣುತ್ತಿತ್ತು.

ಮಲ್ಕಾ ಪುಕ್ಕಟೆ ಒಪ್ಪುವವಳಲ್ಲ. "ನಂಗೇನ್ ಸಿಗುತ್ತೆ?" ಎಂದಳು.

"ಮುಂದಿನ ಪರ್ಮಿಟ್ ನಿಮ್ದೇ ಅಕ್ಕ. ಹೆಂಗಸ್ರದ್ದು ಸ್ವಲ್ಪ ಟೈಮ್ ಹಿಡಿಯುತ್ತೆ. ಅಷ್ಟೊಳ್ಗೆ ಪಾಸ್‌ಪೋರ್ಟ್ ಮಾಡ್ಸಿ."

ಮೊದಲನೆಯವನು ಯಾರೆಂದುಕೊಂಡಿರಿ? ನೂರುಲ್ಲಾನ ಮಗ ಹಮ್ಜಾ. ಅತ್ತೆಯ ಕೈ ತೋರಿಸಿ ಹೋದವನು ಅಲ್ಲಿಂದ ಅವಳಿಗೆ ಒಂದು ಫೋನು ಕೂಡ ಮಾಡಲಿಲ್ಲ. ಅವನ ಹಿಂದೆ ಇನ್ನಿಬ್ಬರು ಹೋದರು. ಪ್ರತಿ ಸಲವೂ "ಮುಂದಿನದು ನಿಮ್ದೇ". ಪ್ರತಿ ಸಲವೂ ಮಲ್ಕಾ ಕೋಟು ತೊಟ್ಟು, ಬಳೆ ಬಿಚ್ಚಿಟ್ಟು, ಒಲೆ ಮುಂದೆ ನಿಂತಳು. ಉಪ್ಪು ತೆಗೆದಾಗಲೆಲ್ಲ ಶರತ್‌ನ ಡಬ್ಬಿಗೆ ಒಂದು ಚಿಟಿಕೆ ವಾಪಸ್ ಹಾಕಿದಳು. ನನಗೆ ಮೈ ಉರಿಯಿತು.

"ಆ ಕಳ್ಳನ ಡಬ್ಬಿಗೆ ಯಾಕೆ ಹಾಕ್ತೀಯೇ?" ಎಂದು ನನ್ನ ಹಿತ್ತಲ ಬಾಗಿಲಿನಿಂದಲೇ ಕೂಗಿದೆ.

"ನಾಳೆ ನನ್ನ ಅನ್ನ ಬರೋದು ಇಲ್ಲಿಂದ್ಲೇ. ನೀನು ನಿನ್ನ ಗುಂಡಿ ಹೊಲ್ಕೋ ಹೋಗು."

ಆಸೆ ಎನ್ನುವುದು ಎಂಥ ಜಗಳಗಂಟಿಯನ್ನೂ ದಡ್ಡಿ ಮಾಡುತ್ತದೆ.

ಅವಳಿಗೆ ಆತುರವಿತ್ತು. ಹಮ್ಜಾನ ಮದುವೆ ಗೊತ್ತಾಗಿತ್ತು, ರಜೆ ಹಾಕಿ ಬಂದಿದ್ದ. ಅತ್ತಿಗೆ ಮುಸರ್ರತ್ ಎಲ್ಲರೆದುರೇ ಹೇಳಿಬಿಟ್ಟಿದ್ದಳು: ಮದುವೆಯಾದ ಮೇಲೆ ಹಿಂದಿನ ಕೋಣೆ ಹೊಸ ಸೊಸೆಗೆ. "ಮತ್ತೆ ಮಲ್ಕಾ?" ಎಂದು ಯಾರೋ ಕೇಳಿದ್ದಕ್ಕೆ, "ಫಾರಿನ್‌ಗೆ ಹೋಗ್ತಾಳಲ್ಲ" ಎಂದು ನಕ್ಕಳಂತೆ. ಪರ್ಮಿಟ್ ಬಂದರೆ ಮಲ್ಕಾಗೆ ತನ್ನ ಹೆಸರಿನ ಒಂದು ಒಲೆ. ಬಾರದಿದ್ದರೆ ಟ್ರಂಕು ಇಡಲು ಜಾಗವಿಲ್ಲ. ಇಷ್ಟೇ ಲೆಕ್ಕ.

ಅಷ್ಟರಲ್ಲಿ ಅಶ್ವತ್ಥ್‌ಗೆ ಸಿಟ್ಟು ನೆತ್ತಿಗೇರಿತ್ತು. ವಿಡಿಯೋದಲ್ಲಿ ಹೂವಿನಂತೆ ಅನ್ನ ಅರಳಿಸಿದ ಹುಡುಗರು ಅವನ ಹೋಟೆಲಿನಲ್ಲಿ ಮುದ್ದೆ ಕಟ್ಟುತ್ತಿದ್ದರು. ಇನ್ನು ವಿಡಿಯೋ ಬೇಡ, ನಾನೇ ಬಂದು ಎದುರಿಗೆ ಅಡುಗೆ ಮಾಡಿಸಿ ನೋಡುತ್ತೇನೆ, ಸರಿಯಿಲ್ಲದಿದ್ದರೆ ನಿನ್ನ ಆಫೀಸಿಗೆ ಬೀಗ ಹಾಕಿಸುತ್ತೇನೆ ಎಂದು ಶರತ್‌ಗೆ ಹೇಳಿದ. ಶರತ್ ಬಳಿ ನಿಜವಾಗಿ ಅಡುಗೆ ಬರುವವಳು ಒಬ್ಬಳೇ. ಬೇರೆ ದಾರಿಯಿಲ್ಲದೆ ಮಲ್ಕಾಳ ಹೆಸರು ಕೊಟ್ಟ. ಇಷ್ಟು ದಿನ ಕೊಡದವನು ಕೊಟ್ಟದ್ದು ಧರ್ಮಕ್ಕಲ್ಲ, ತನ್ನ ತಲೆ ಉಳಿಸಿಕೊಳ್ಳಲಿಕ್ಕೆ.

ಒಂದು ಭಯ ಮಾತ್ರ ಅವನಿಗಿತ್ತು. ಮಲ್ಕಾಳ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹುಣಸೆ ಬೀಜದಷ್ಟು ಸುಟ್ಟ ಕಲೆ ಇದೆ. ಮೂರು ವಿಡಿಯೋದಲ್ಲೂ ಅದು ಕಾಣುತ್ತಿತ್ತು. "ಮದುವೆ ಮನೆ ಹೆಂಗೂ ಇದೆಯಲ್ಲ, ಕೈ ತುಂಬಾ ಮೆಹಂದಿ ಹಾಕಿಸ್ಕೊಳ್ಳಿ" ಎಂದ. ಮಲ್ಕಾ ಮೊಣಕೈವರೆಗೂ ಹಾಕಿಸಿಕೊಂಡಳು.

"ಮದ್ವೆ ನನ್ ಮಗನ್ದೋ, ನಿಂದೋ?" ಎಂದು ಮುಸರ್ರತ್ ನೆಂಟರ ನಡುವೆಯೇ ಹಂಗಿಸಿದಳು. ಅದೇ ಮದುವೆಯ ಅಡುಗೆ ಪೂರ್ತಿ ಮಲ್ಕಾಳದು. ಶಹಬ್ಬಾಸ್ ನೂರುಲ್ಲಾನಿಗೆ.

ಮದುವೆಯಾದ ಮಾರನೆಯ ದಿನ ಬೆಳಿಗ್ಗೆ ಮಲ್ಕಾ ನನ್ನ ಅಂಗಡಿ ಬಾಗಿಲಲ್ಲಿ ನಿಂತಳು.

"ಮಾಕಳಿಗೆ ಹೋಗ್ಬೇಕು, ಕಾರಲ್ಲಿ. ಆ ಶರತ್ ಜೊತೆ ಒಬ್ಳೇ ಹೋಗಲ್ಲ. ನೀನು ಬಾ."

"ನಾನ್ಯಾಕೆ ಬರ್ಲಿ? ನಿಂಗೆ ಅಣ್ಣ ಇಲ್ವಾ, ಅತ್ತಿಗೆ ಇಲ್ವಾ?"

"ಅವ್ರು ಬಾಯಿ ಬಿಡಲ್ಲ. ನಿಂಗೆ ಬಾಯಿ ಇದೆ."

ಇದಕ್ಕಿಂತ ದೊಡ್ಡ ಮರ್ಯಾದೆ ಅವಳಿಂದ ಯಾರಿಗೂ ಸಿಕ್ಕಿಲ್ಲ. ಶಟರ್ ಎಳೆದು ಹೊರಟೆ.

ಮಾಕಳಿಯಲ್ಲಿ ಅಶ್ವತ್ಥ್‌ನ ನೆಂಟರದೊಂದು ಪಾರ್ಟಿ ಹಾಲ್. ಅದರ ಅಡುಗೆ ಮನೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಅಶ್ವತ್ಥ್ ಮೆಲುದನಿಯ ಮನುಷ್ಯ. ಕೈಕಟ್ಟಿ ಗೋಡೆಗೆ ಒರಗಿ ನಿಂತ, ಮಾತಿಲ್ಲ ಕತೆಯಿಲ್ಲ. ಅಂಥವರನ್ನು ಕಂಡರೆ ನನಗೆ ಭಯ.

ಶರತ್ ಆಫೀಸಿನಿಂದ ಪಾತ್ರೆ, ಮಸಾಲೆ, ಉಪ್ಪಿನ ಡಬ್ಬಿ ಎಲ್ಲ ತಂದಿದ್ದ. ಕೈಗೆ ಒಗ್ಗಿದ್ದು ಇರಲಿ ಎಂದು. ಮಲ್ಕಾ ಸೆರಗು ಸಿಕ್ಕಿಸಿ ನಿಂತಳು. ಈರುಳ್ಳಿ ಕೆಂಪಗಾಯಿತು. ಕೋಳಿ ಬಿತ್ತು, ಪುದೀನ ಬಿತ್ತು. ಬಾಯಲ್ಲಿ ಬೈಗುಳವಿಲ್ಲದ ಮಲ್ಕಾಳನ್ನು ನಾನು ಅವತ್ತೇ ನೋಡಿದ್ದು. ಡಬ್ಬಿಗೆ ಕೈ ಹಾಕಿ ಉಪ್ಪು ತೆಗೆದಳು, ಪಾತ್ರೆಗೆ ಹಾಕಿದಳು, ಉಳಿದ ಚಿಟಿಕೆಯನ್ನು ಡಬ್ಬಿಗೆ ವಾಪಸ್ ಹಾಕಿದಳು.

ಅಶ್ವತ್ಥ್ ಗೋಡೆ ಬಿಟ್ಟು ಮುಂದೆ ಬಂದ. ಅಕ್ಕಿಯ ನೀರಿಗೆ ಉಪ್ಪು ಹಾಕುವಾಗ ಮತ್ತೆ ಅದೇ. ಅವನು ಅವಳ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದ. ಶರತ್‌ಗೆ ಏನೂ ಗೊತ್ತಾಗಲಿಲ್ಲ. ಮೆಹಂದಿ ಚೆನ್ನಾಗಿ ಕೆಂಪಾಗಿದೆ ಎಂದು ನಿಶ್ಚಿಂತನಾಗಿದ್ದ.

ದಮ್ ಬಿಚ್ಚಿದಾಗ ಹಾಲ್ ಪೂರ್ತಿ ಘಮ್ಮೆಂದಿತು. ಅಶ್ವತ್ಥ್ ತಟ್ಟೆ ಹಾಕಿಕೊಂಡು ನಿಂತೇ ತಿಂದ. ಮತ್ತೆ ಬಡಿಸಿಕೊಂಡ. ಮಲ್ಕಾ ನನ್ನ ಕಡೆ ನೋಡಿದಳು. ಆ ಮುಖದಲ್ಲಿ ನಗು ಬಂದರೆ ಹೀಗಿರುತ್ತದಾ ಅನ್ನಿಸಿತು.

ತಟ್ಟೆ ಅಲ್ಲೇ ಇಟ್ಟು ಅವನು ಫೋನ್ ತೆಗೆದ. ಒಂದೊಂದಾಗಿ ವಿಡಿಯೋ ತೋರಿಸಿದ. ಮೂರು ಹೆಸರು, ಮೂರು ಮುಖ, ಒಂದೇ ಕೈ. ಮೂರರಲ್ಲೂ ಚಿಟಿಕೆ ಉಪ್ಪು ಡಬ್ಬಿಗೆ ವಾಪಸ್.

"ಅಮ್ಮಾ, ಇದನ್ನ ನಾನು ಎಷ್ಟು ಸಲ ನೋಡಿದೀನೋ ನಂಗೇ ಗೊತ್ತಿಲ್ಲ. ಆ ಹುಡುಗರಿಗೇ ತೋರ್ಸಿ ತೋರ್ಸಿ, ನೀನು ಇಲ್ಲಿ ಹಿಂಗ್ ಮಾಡಿದ್ದೆ, ಈಗ್ಯಾಕೆ ಬರಲ್ಲ ಅಂತ ಕೇಳಿ ಸಾಕಾಯ್ತು. ಉಪ್ಪು ಯಾಕೆ ವಾಪಸ್ ಹಾಕ್ದೆ ಅಂತ ಕೇಳ್ದೆ. ಒಬ್ಬ ದೃಷ್ಟಿಗೆ ಅಂದ. ಇನ್ನೊಬ್ಬ ನಾನು ಹಾಕೇ ಇಲ್ಲ ಸಾರ್ ಅಂದ. ಹಮ್ಜಾ, ಉಪ್ಪು ಜಾಸ್ತಿ ಆಗಿತ್ತು ಅಂದ."

ಹಮ್ಜಾನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅತ್ತೆಯ ಹೆಸರು ಹೇಳಲು ಅವನ ನಾಲಿಗೆ ಏಳಲಿಲ್ಲ, ಅಷ್ಟೆ.

ಶರತ್ ಬೆವರು ಒರೆಸಿಕೊಂಡು ಅಂದ ಮಾತು ನಾನು ಸಾಯುವವರೆಗೂ ಮರೆಯುವುದಿಲ್ಲ. "ಸಾರ್, ಇದೆಲ್ಲಾ ಇವ್ಳದ್ದೇ ಕೆಲ್ಸ. ಆ ಹುಡುಗ್ರ ಹತ್ರ ಏನ್ ಮಾತಾಡ್ಕೊಂಡಿದ್ಲೋ, ನಂಗೂ ಮೋಸ ಆಯ್ತು."

"ಥೂ ನಿನ್ ಜನ್ಮಕ್ಕೆ!" ಎಂದೆ ನಾನು. "ಕೋಟು ಹೊಲ್ಸಿದ್ದು ಯಾರೋ? ಅಳತೆ ತಂದ್ಕೊಟ್ಟಿದ್ದು ಯಾರೋ? ಮುಂದಿನ ಪರ್ಮಿಟ್ ನಿಮ್ದೇ ಅಂತ ಈ ಕಿವೀಲಿ ಕೇಳಿದೀನಿ ಕಣೋ!"

ಅಶ್ವತ್ಥ್ ಕೈ ಎತ್ತಿ ತಡೆದ. "ಯಾರು ಮಾಡಿದ್ರು ಅನ್ನೋದು ನಂಗೆ ಅರ್ಥ ಆಗುತ್ತೆ." ಮಲ್ಕಾಳ ಕಡೆ ತಿರುಗಿದ. "ಅಮ್ಮಾ, ನಿಮ್ಮಂಥ ಕೈ ನಾನು ನೋಡಿಲ್ಲ. ಆದ್ರೆ ನಿಮ್ಗೆ ಪರ್ಮಿಟ್ ಮಾಡ್ಸಕ್ಕಾಗಲ್ಲ. ಇದೇ ಕೈ ತೋರ್ಸಿ ಮೂರು ಜನರನ್ನ ಕರ್ಸಿದೀನಿ, ಪೇಪರಲ್ಲಿ ಸೈನ್ ಹಾಕಿರೋನು ನಾನು. ಈಗ ನಿಮ್ಮನ್ನ ಕರ್ಕೊಂಡ್ರೆ ಮೊದಲಿನ ಮೂರೂ ಸುಳ್ಳು ಅಂತ ನಾನೇ ಒಪ್ಕೊಂಡಂಗೆ. ನನ್ನ ಹೋಟ್ಲು ಮುಚ್ಚಿಸ್ತಾರೆ."

ಮಲ್ಕಾ ಸಿಕ್ಕಿಸಿದ್ದ ಸೆರಗು ಬಿಡಿಸಿಕೊಂಡಳು. ಅವನು ಮುಂದುವರಿಸಿದ.

"ಒಂದ್ ಕೆಲ್ಸ ಮಾಡಿ. ನೀವು ಇಲ್ಲೇ ಇರಿ. ದಿನಾ ಫೋನ್‌ನಲ್ಲಿ ಅಡುಗೆ ಮಾಡಿ ತೋರ್ಸಿ, ನಮ್ ಹುಡುಗ್ರು ನೋಡ್ಕೊಂಡು ಮಾಡ್ತಾರೆ. ಮುಖ ಬೇಡ, ಕೈ ಕಂಡ್ರೆ ಸಾಕು. ನಿಮ್ಗೇನ್ ಕೊಡ್ಬೇಕೋ ಕೊಡ್ತೀನಿ."

"ಸೂಪರ್ ಐಡಿಯಾ ಸಾರ್," ಎಂದ ಶರತ್. ಒಂದು ನಿಮಿಷದ ಹಿಂದೆ ಅವಳನ್ನು ಕಳ್ಳಿ ಮಾಡಿದ ಬಾಯಿ ಅದು. "ನಮ್ಮ ಆಫೀಸಲ್ಲೇ ಮಾಡ್ಬೋದು. ಒಲೆ ಇದ್ದೇ ಇದೆ."

ಮಾತು ಮುಗಿಸಿ ಅಶ್ವತ್ಥ್ ಅರ್ಧಕ್ಕೆ ಬಿಟ್ಟ ತಟ್ಟೆಗೆ ಮತ್ತೆ ಕೈ ಹಾಕಿದ. ಇನ್ನೊಂದು ಸೌಟು ಬೇಕು ಎಂಬಂತೆ ಹಂಡೆ ಕಡೆ ನೋಡಿದ.

ಮಲ್ಕಾ ಉಪ್ಪಿನ ಡಬ್ಬಿ ಎತ್ತಿಕೊಂಡಳು. ಹಂಡೆಯ ಮೇಲೆ ಬೋರಲು ಹಾಕಿದಳು. ಡಬ್ಬಿಯ ತಳಕ್ಕೆ ಎರಡೇಟು ಹೊಡೆದು ಅಂಟಿಕೊಂಡದ್ದನ್ನೂ ಕೊಡವಿದಳು. ಘಮಘಮಿಸುವ ಅನ್ನದ ಮೇಲೆ ಉಪ್ಪು ಗುಡ್ಡೆಯಾಗಿ ಬಿತ್ತು.

"ಇಷ್ಟು ದಿನ ನಿನ್ ಡಬ್ಬಿಗೆ ವಾಪಸ್ ಹಾಕ್ದೆ ಕಣೋ ಶರತ," ಎಂದಳು. "ಇವತ್ತು ಇಲ್ಲ." ಖಾಲಿ ಡಬ್ಬಿ ಅವನ ಕಾಲ ಬಳಿ ಎಸೆದು ಹೊರಟಳು.

ಶರತ್ ನಮ್ಮನ್ನು ಕಾರು ಹತ್ತಿಸಲಿಲ್ಲ, ನಾವೂ ಕೇಳಲಿಲ್ಲ. ತುಮಕೂರು ರಸ್ತೆಯ ಧೂಳಿನಲ್ಲಿ ಬಸ್ಸಿಗೆ ನಿಂತಾಗ ನಾನು ಅವಳನ್ನು ಚೆನ್ನಾಗಿ ಬೈದೆ. ಅಷ್ಟು ಒಳ್ಳೆಯ ಅನ್ನ ಹಾಳು ಮಾಡಿದ್ದಕ್ಕೆ ಬೈದೆ, ಮೊದಲೇ ನನ್ನ ಮಾತು ಕೇಳದ್ದಕ್ಕೆ ಬೈದೆ, ಹಸಿವಿಗೆ ಬೈದೆ. ನನಗೆ ಅಳು ಬರುತ್ತಿತ್ತು, ಅದಕ್ಕೇ ಇನ್ನಷ್ಟು ಬೈದೆ. ಅವಳು ಒಂದಕ್ಕೂ ತಿರುಗಿ ಬೈಯಲಿಲ್ಲ. ಬಸ್ಸಿನಲ್ಲಿ ಸೀಟಿನ ಕಂಬಿ ಹಿಡಿದು ತನ್ನ ಕೆಂಪು ಕೈಗಳನ್ನು ನೋಡಿಕೊಂಡು ಕೂತಳು. ಎರಡು ಬಸ್ ಬದಲಿಸಿ ಯಲಹಂಕ ಸೇರುವವರೆಗೂ ಹಾಗೆಯೇ.

ಮನೆ ಮುಂದೆ ಅವಳ ಟ್ರಂಕು ಜಗಲಿಯ ಮೇಲಿತ್ತು. ಹಿಂದಿನ ಕೋಣೆಗೆ ಹೊಸ ಪರದೆ ಬಂದಿತ್ತು. ಮುಸರ್ರತ್ ಹೊರಗೆ ಬಂದು, "ಯಾವತ್ತು ಹೊರಡೋದು?" ಎಂದು ಕೇಳಿದಳು. ಒಳಗಿನಿಂದ ನೂರುಲ್ಲಾ, "ಸಂಜೆಗೆ ಹುಡುಗಿ ಕಡೆಯವ್ರು ಬರ್ತಾರೆ, ಅಕ್ಕಿ ನೆನೆಹಾಕು" ಎಂದ. ಮಲ್ಕಾ ಟ್ರಂಕಿನ ಒಂದು ಹಿಡಿ ಹಿಡಿದು ಎಳೆದಳು. ಅದು ಜಗಲಿ ಇಳಿಯಿತು, ಓಣಿಯ ಕಲ್ಲಿನ ಮೇಲೆ ಕಿರ್ರೆಂದು ಶಬ್ದ ಮಾಡುತ್ತಾ ಬಂತು. ಇನ್ನೊಂದು ಹಿಡಿ ನಾನು ಹಿಡಿದೆ.

ನನ್ನ ಅಂಗಡಿ ಮುಂದೆ ನಿಂತು, "ಜಾಗ ಇದೆಯಾ?" ಎಂದಳು.

"ಇಲ್ಲ," ಎಂದೆ. ಇರಲೂ ಇಲ್ಲ.

"ಸರಿ," ಎಂದು ಟ್ರಂಕನ್ನು ಹೊಲಿಗೆ ಮೆಷಿನ್ನಿನ ಪಕ್ಕಕ್ಕೆ ತಳ್ಳಿ, ಅದರ ಮೇಲೆ ಕೂತಳು.

ಈಗ ಅವಳು ಅಲ್ಲಿಂದಲೇ ದಾವತ್ ಆರ್ಡರ್ ಹಿಡಿಯುತ್ತಾಳೆ. ಹಂಡೆ ಪಕ್ಕ ಗಂಡಸಿಲ್ಲ ಎಂದು ಕೆಲವರು ಮುಖ ತಿರುಗಿಸಿ ಹೋಗುತ್ತಾರೆ, ಅವರ ಬೆನ್ನಿಗೆ ಅವಳು ಬೈಯುತ್ತಾಳೆ. ಪಕ್ಕದ ಗಾಜಿನ ಬಾಗಿಲಿನ ಆಫೀಸು ಇನ್ನೂ ನಡೆಯುತ್ತಿದೆ. ಶರತ್‌ಗೆ ಬೇರೆ ಯಾವುದೋ ಕೈ ಸಿಕ್ಕಿರಬೇಕು. ಅವನ ಬಾಗಿಲು ತೆರೆದಾಗಲೆಲ್ಲ ನಾವಿಬ್ಬರೂ ಒಟ್ಟಿಗೆ ಉಗುಳುತ್ತೇವೆ. ಅದೊಂದರಲ್ಲಿ ನಮಗೆ ಒಮ್ಮತ.

ಅವಳು ಬಂದ ಮಾರನೆಯ ಬೆಳಿಗ್ಗೆ ನನ್ನ ಒಲೆಯ ಮೇಲೆ ಉಪ್ಪಿಟ್ಟಿಗೆ ಇಟ್ಟಳು. ನಾನು ಕೇಳಿರಲಿಲ್ಲ. ಕಾಜ ಹೊಲಿಯುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಶೆಲ್ಫಿನಿಂದ ನನ್ನ ಪ್ಲಾಸ್ಟಿಕ್ ಡಬ್ಬಿ ಇಳಿಸಿದಳು. ಮುಚ್ಚಳ ಸಡಿಲವಾಗಿದೆ ಎಂದು ನನ್ನನ್ನು ಬೈದಳು. ಉಪ್ಪು ತೆಗೆದು ನೀರಿಗೆ ಹಾಕಿದಳು. ಕೈ ಡಬ್ಬಿಯ ಮೇಲೆ ಬಂದು ನಿಂತಿತು. ನಾನು ದಾರ ಎಳೆಯುವುದು ನಿಲ್ಲಿಸಿದೆ.

ಒಂದು ಚಿಟಿಕೆ ವಾಪಸ್ ಹಾಕಿ ಮುಚ್ಚಳ ಒತ್ತಿದಳು.

ನಾನು ಕಂಡೂ ಕಾಣದಂತೆ ಸೂಜಿ ಚುಚ್ಚುತ್ತಾ, "ಗಂಜಿ ಮಾತ್ರ ನನ್ನ ಅಂಗಡಿ ಮುಂದೆ ಸುರೀಬೇಡ, ಹೇಳಿದೀನಿ," ಎಂದೆ.